ಸರ್ಪಸುತ್ತು ಒಣಗಿದ ಮೇಲೂ ಉರಿ, ತುರಿಕೆ ಯಾಕೆ?

ಪ್ರಶ್ನೆ: ನಮ್ಮ ಅಮ್ಮನಿಗೆ 66 ವರ್ಷ, ಸಕ್ಕರೆ ಕಾಯಿಲೆ ಇದೆ. ನಾಲ್ಕು ತಿಂಗಳ ಹಿಂದೆ ಬಲಗಡೆ ಬೆನ್ನಿನಿಂದ ಎದೆಯವರೆಗೆ ಸರ್ಪಸುತ್ತು ಆಗಿತ್ತು. ಊರಲ್ಲಿ ಕೆಮ್ಮಣ್ಣು ಹಚ್ಚಿಸಿದೆವು. ಗುಳ್ಳೆ ಒಣಗಿದವು, ಆದರೆ ಉರಿ, ತುರಿಕೆ ಹೋಗಿಲ್ಲ. ರವಿಕೆ ತಾಗಿದರೂ ಚೀರುತ್ತಾರೆ. ವಿಷ ಒಳಗೇ ಉಳಿದಿದೆ ಅಂತಾರೆ ಅಕ್ಕಪಕ್ಕದವರು. ಮೊಮ್ಮಗುವಿಗೆ ಅಂಟುತ್ತಾ?
– ಓದುಗರು, ಹಾಸನ

ಉತ್ತರ: ವಿಷ ಗಿಷ ಏನೂ ಇಲ್ಲ. ಮಗುವಿಗೂ ಈಗ ಅಂಟುವುದಿಲ್ಲ, ಧೈರ್ಯವಾಗಿ ಎತ್ತಿಕೊಳ್ಳಲಿ. ಗುಳ್ಳೆ ಹಸಿ ಇದ್ದಾಗ ಮಾತ್ರ ಹರಡುವ ಭಯ. ಆಗಲೂ ಎದುರಿನವರಿಗೆ ಬರುವುದು ಚಿಕನ್ ಪಾಕ್ಸ್.

ಚಿಕನ್ ಪಾಕ್ಸ್ ವಾಸಿಯಾದ ಮೇಲೂ ಅದರ ವೈರಸ್ ಬೆನ್ನುಹುರಿಯ ಪಕ್ಕದ ನರಗಳಲ್ಲಿ ಅಡಗಿರುತ್ತದೆ. ವಯಸ್ಸಾಗಿ ಮೈಯ ಶಕ್ತಿ ಕುಗ್ಗಿದಾಗ ಒಂದು ನರ ಹಿಡಿದು ಚರ್ಮಕ್ಕೆ ಬರುತ್ತದೆ, ಅದೇ ಸರ್ಪಸುತ್ತು. ಆ ನರ ಒಂದೇ ಮಗ್ಗುಲಿನದು. ಹಾಗಾಗಿ ಗುಳ್ಳೆ ಇನ್ನೊಂದು ಕಡೆಗೆ ದಾಟುವುದು ಅಪರೂಪ. ಹಾವಿನ ತಲೆ, ಬಾಲ ಕೂಡಿದರೆ ಜೀವ ಹೋಗುತ್ತೆ ಅನ್ನೋ ಮಾತು ಸುಮ್ನೆ ಹೆದರಿಸೋದಕ್ಕೆ.

ಚರ್ಮ ಬೇಗ ಮಾಯುತ್ತದೆ, ನರಕ್ಕೆ ತಿಂಗಳುಗಟ್ಟಲೆ ಬೇಕು. ಮೂರು ತಿಂಗಳು ದಾಟಿದ ಇಂಥ ನೋವಿಗೆ ವೈದ್ಯರು ಪೋಸ್ಟ್ ಹರ್ಪಿಟಿಕ್ ನ್ಯೂರಾಲ್ಜಿಯಾ ಅನ್ನುತ್ತಾರೆ. ಗಾಯಗೊಂಡ ನರ ಬಟ್ಟೆ ಸೋಕಿದರೂ ನೋವು ಅಂತಲೇ ಸುದ್ದಿ ಕಳಿಸುತ್ತದೆ. ತುರಿಕೆಯೂ ಬಹುಪಾಲು ನರದ್ದೇ. ಅಲರ್ಜಿಗೆ ಕೊಡುವ ಸೆಟ್ರಿಜಿನ್ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. ಕೆಲವರಿಗೆ ಆ ಜಾಗ ಮರಗಟ್ಟಿರುತ್ತದೆ, ಕೆರೆದು ಗಾಯವಾದರೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಅದು ಅಪಾಯ ಅಲ್ವಾ? ಉಗುರು ಕತ್ತರಿಸಿ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಿ. ಸಡಿಲವಾದ ಹತ್ತಿ ರವಿಕೆ ಹಾಕಲಿ.

ಮಾಮೂಲಿ ನೋವಿನ ಮಾತ್ರೆಯಿಂದ ಇದು ಬಗ್ಗುವುದು ಕಡಿಮೆ. ನರದ ನೋವಿಗೇ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ನಾರ್ಟ್ರಿಪ್ಟಿಲಿನ್ ಇವೆ. ಮೇಲೆ ಅಂಟಿಸುವ ಲಿಡೋಕೇನ್ ಪಟ್ಟಿಯೂ ಇದೆ. ಇವನ್ನು ಅಂಗಡಿಯಲ್ಲಿ ಕೇಳಿ ತರಬೇಡಿ. ಮೊದಲೆರಡು ಕಿಡ್ನಿಯ ಸ್ಥಿತಿ ನೋಡಿ ಕೊಡಬೇಕಾದವು. ಕಡಿಮೆ ಡೋಸ್‌ನಿಂದ ಶುರು ಮಾಡುತ್ತಾರೆ. ತೂಕಡಿಕೆ, ತಲೆಸುತ್ತು ಬರಬಹುದು. ರಾತ್ರಿ ಎದ್ದಾಗ ಬೀಳದಂತೆ ನೋಡಿಕೊಳ್ಳಿ. ಗುಣ ಕಾಣಲು ಕೆಲವು ವಾರ ಬೇಕು, ಮಧ್ಯೆ ತಟ್ಟನೆ ನಿಲ್ಲಿಸಬೇಡಿ.

ಕೆಮ್ಮಣ್ಣು ತಂಪು ಅನಿಸಬಹುದು, ವೈರಸ್‌ಗೆ ಏನೂ ಮಾಡುವುದಿಲ್ಲ. ಒಡೆದ ಗುಳ್ಳೆಗೆ ಹಚ್ಚಿದರೆ ಕೀವಾಗಬಹುದು. ನನಗೆ ಬೇಜಾರಾಗುವುದು ಅದರಲ್ಲಿ ಕಳೆದುಹೋಗುವ ದಿನಗಳಿಗೆ. ವೈರಸ್ ತಡೆಯುವ ಅಸೈಕ್ಲೋವಿರ್‌ನಂಥ ಮಾತ್ರೆ ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾದರೆ ಲಾಭ ಜಾಸ್ತಿ. ಹಣೆ, ಮೂಗಿನ ತುದಿ, ಕಣ್ಣಿನ ಸುತ್ತ ಬಂದರಂತೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

50 ದಾಟಿದವರಿಗೆ ಸರ್ಪಸುತ್ತು ತಡೆಯುವ ಎರಡು ಡೋಸ್‌ನ ಲಸಿಕೆ ನಮ್ಮಲ್ಲೂ ಸಿಗುತ್ತದೆ, ದುಬಾರಿ. ಅಮ್ಮನ ಈಗಿನ ನೋವಿಗೆ ಅದು ಔಷಧಿಯಲ್ಲ. ಮತ್ತೆ ಬರದಂತೆ ಯಾವಾಗ ಹಾಕಿಸಬಹುದು ಅಂತ ಅವರ ಡಾಕ್ಟರನ್ನೇ ಕೇಳಿ.