ತಿರುವಿನಲ್ಲಿ ಬಸ್ಸಿನ ಎಡಕ್ಕೆ ಕಾಣುವ ಜಾಗ
ದೇವರಾಯನದುರ್ಗ ಹತ್ತುವಾಗ ಎಡ ತಿರುವಿನಲ್ಲಿ ಬಸ್ಸು ಬಲಕ್ಕೆ ಸರಿದು ದಾರಿ ಬಿಟ್ಟು, ಆಮೇಲೆ ನಿಮ್ಮ ಬೈಕನ್ನೇ ಒತ್ತಿತು ಅಂದಿರಲ್ಲ, ಅದು ಬಹುಶಃ ದಾರಿ ಬಿಟ್ಟಿದ್ದಲ್ಲ, ತಿರುಗಲು ಜಾಗ ಮಾಡಿಕೊಂಡಿದ್ದು. ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲಿ ಬರೋದಿಲ್ಲ, ಒಳಕ್ಕೆ ಕುಯ್ದುಕೊಂಡು ಬರುತ್ತೆ. ಆಕ್ಸಲ್‌ಗಳ ನಡುವೆ 6 ಮೀಟರ್ ಇದ್ದು, ಮುಂದಿನ ಚಕ್ರ 10 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಹಿಂದಿನದು ಸುಮಾರು 2 ಮೀಟರ್ ಒಳಗೆ. ನಿಮ್ಮ ಹ್ಯಾಂಡಲ್ ಇದ್ದದ್ದು ಅಲ್ಲೇ.

ತಿರುವಿಗೆ ಮೊದಲೇ ಗೇರ್ ಇಳಿಸಿ, ಎರಡು ಬಸ್ಸಿನುದ್ದ, ಅಂದರೆ 20–25 ಮೀಟರ್ ಹಿಂದೆ ಉಳಿಯಿರಿ. ಕನ್ನಡಿಯಲ್ಲಿ ಡ್ರೈವರ್ ಮುಖ ಕಾಣದಿದ್ದರೆ ಅವರಿಗೂ ನೀವು ಕಾಣಲ್ಲ. ಬಸ್ಸು ಪೂರ್ತಿ ನೇರವಾದ ಮೇಲೆ ಹಾರ್ನ್ ಕೊಟ್ಟು ಬಲದಿಂದ ಹೋಗಿ, ಅದೂ ಮುಂದಿನ ರಸ್ತೆ ಕಂಡರೆ ಮಾತ್ರ. ಎದುರಿಂದ ಬಸ್ಸು ಇಳಿದು ಬರುತ್ತಿದ್ದರೆ ತಿರುವಿನೊಳಗೆ ಹೋಗದೆ ಈಚೆಯೇ ನಿಲ್ಲಿ. ಇಕ್ಕಟ್ಟಿನಲ್ಲಿ ಹತ್ತುವವರಿಗೇ ಮೊದಲ ದಾರಿ ಅನ್ನೋ ನಿಯಮ ಇದೆ ನಿಜ, ಬಸ್ಸಿನ ಬಂಪರ್ ಮುಂದೆ ಅದನ್ನು ವಾದಿಸಬೇಡಿ.