ಡಾಲ್ಫಿನ್ ಬಂದಾಗ ದೋಣಿಗಳನ್ನು ಎಚ್ಚರಿಸಲು ಕೊಲ್ಲಿಯಲ್ಲಿ ಹೈಡ್ರೋಫೋನ್ (ನೀರಿನಡಿಯ ಸದ್ದು ಹಿಡಿಯುವ ಮೈಕ್) ಇಳಿಸುತ್ತಿದ್ದೇವೆ. ಮೆಮೊರಿ ಕಾರ್ಡ್ ಬೇಗ ತುಂಬದಂತೆ ಏನು ಮಾಡಬೇಕು?

ಕಾರ್ಡ್ ಬೇಗ ತುಂಬಬಾರದು ಎಂಬ ಆಸೆಯೇ ನನ್ನ ಕೆಲಸವನ್ನು ಕೆಡಿಸಿತು. ನೀವೂ ಅದೇ ದಾರಿ ಹಿಡಿದಿರುವುದನ್ನು ಕಂಡು ಬರೆಯದೆ ಇರಲಾಗಲಿಲ್ಲ.

ನಾವು ನಾಲ್ವರು ಸ್ವಯಂಸೇವಕರು. ಕೊಲ್ಲಿಯ ಬಾಯಲ್ಲಿ, ದೋಣಿಗಳು ಒಳಬರುವ ಕಿರಿದಾದ ಹಾದಿಯ ಪಕ್ಕ ಹೈಡ್ರೋಫೋನ್ ಇರಿಸಿದ್ದೆವು. ಅದನ್ನು ಮೇಲೆತ್ತಲು ಮುಳುಗುಗಾರರು ಬೇಕು, ಅವರು ಸಿಗುವುದು ತಿಂಗಳಿಗೊಮ್ಮೆ. ಲೆಕ್ಕ ಹಾಕಿದೆ: ಸೆಕೆಂಡಿಗೆ 48,000 ಮಾದರಿಯಂತೆ, ಅಂದರೆ ಸದ್ದನ್ನು ಅಷ್ಟು ಸಲ ಅಳೆದು, ಧ್ವನಿ ಮುದ್ರಿಸಿದರೆ ದಿನಕ್ಕೆ ಸುಮಾರು 8 ಜಿಬಿ, 256 ಜಿಬಿಯ ಕಾರ್ಡಿನಲ್ಲಿ ಒಂದು ತಿಂಗಳು ತಳ್ಳಬಹುದು. 2,88,000 ಇಟ್ಟರೆ ಐದೇ ದಿನ. ಮನುಷ್ಯರ ಕಿವಿಗೆ ಕೇಳುವುದೆಲ್ಲ ಸಿಕ್ಕರೆ ಸಾಕಲ್ಲವೇ ಎಂದುಕೊಂಡು 48,000 ಆರಿಸಿದೆ.

ಈ ಒಂದು ಅಂಕಿಯ ಬಗ್ಗೆ ಉದ್ದವಾಗಿಯೇ ಹೇಳಬೇಕು. ಸೆಕೆಂಡಿಗೆ ಎಷ್ಟು ಮಾದರಿ ತೆಗೆದುಕೊಳ್ಳುತ್ತೀರೋ ಅದರ ಅರ್ಧದಷ್ಟು ಕಂಪನಾಂಕದವರೆಗೆ ಮಾತ್ರ ಸದ್ದು ದಾಖಲಾಗುತ್ತದೆ. 48,000 ಎಂದರೆ 24 ಕಿಲೋಹರ್ಟ್ಸ್‌ಗೆ ಬಾಗಿಲು ಹಾಕಿದಂತೆ. ಡಾಲ್ಫಿನ್‌ಗಳು ಒಂದನ್ನೊಂದು ಕರೆಯುವ ಶಿಳ್ಳೆಗಳು ಹೆಚ್ಚಾಗಿ ಬಾಗಿಲ ಒಳಗೇ ಇರುತ್ತವೆ. ಆದರೆ ಮೀನು ಹುಡುಕಲು, ದಾರಿ ತಿಳಿಯಲು ಅವು ಹೊರಡಿಸುವ ಕ್ಲಿಕ್‌ಗಳ ಬಲ ಹೆಚ್ಚಾಗಿ ಇರುವುದು ಅದಕ್ಕಿಂತ ಬಹಳ ಮೇಲೆ. ಬಾಟಲ್‌ನೋಸ್ ಡಾಲ್ಫಿನ್‌ನ ಕ್ಲಿಕ್ 100 ಕಿಲೋಹರ್ಟ್ಸ್ ದಾಟುತ್ತದೆ. ಅತ್ತ ವೇಗದ ದೋಣಿಯ ಪ್ರೊಪೆಲ್ಲರ್ ಸುತ್ತ ಗುಳ್ಳೆಗಳು ಒಡೆಯುವ ಸದ್ದು ಶಿಳ್ಳೆಯನ್ನು ಮುಚ್ಚಿಹಾಕುತ್ತದೆ. ಅಂದರೆ ದೋಣಿಗಳ ಓಡಾಟ ಹೆಚ್ಚಿದ್ದ ಹೊತ್ತಿನಲ್ಲೇ ನನಗೆ ಶಿಳ್ಳೆಯೂ ಕೇಳಿಸಲಿಲ್ಲ, ಕ್ಲಿಕ್ಕೂ ದಾಖಲಾಗಲಿಲ್ಲ.

ಮೂರು ತಿಂಗಳ ದಾಖಲೆ ಕೇಳಿ ವರದಿ ಬರೆದೆ: ಬೆಳಿಗ್ಗೆ ಡಾಲ್ಫಿನ್‌ಗಳಿವೆ, ಹನ್ನೊಂದರಿಂದ ಮೂರರವರೆಗೆ ಇಲ್ಲ. ದೋಣಿಯವರು ನಂಬಿದರು. ಬೆಳಿಗ್ಗೆ ನಿಧಾನವಾಗಿ ಹೋಗಲು ಒಪ್ಪಿ, ಮಧ್ಯಾಹ್ನ ಪೂರ್ಣ ವೇಗದಲ್ಲಿ ಓಡಿಸಿದರು.

ಆಮೇಲೆ ಒಂದು ದಿನ ಬೈನಾಕ್ಯುಲರ್ ಹಿಡಿದು ದಡದ ಬಂಡೆಯ ಮೇಲೆ ಕುಳಿತೆ. ಹನ್ನೆರಡೂಕಾಲಿಗೆ ಒಂದು ತಾಯಿ, ಅದರ ಪಕ್ಕೆಗೆ ಅಂಟಿಕೊಂಡು ಮರಿ. ದೋಣಿ ಬಂತು, ಎರಡೂ ಮುಳುಗಿದವು. ತಾಯಿ ಹಾದಿಯ ಆಚೆ ಎದ್ದಿತು, ಮರಿ ಈಚೆ. ಮರಿ ಅಲ್ಲೇ ಸುತ್ತತೊಡಗಿತು, ಅಷ್ಟರಲ್ಲಿ ಇನ್ನೊಂದು ದೋಣಿ. ಕೊನೆಗೆ ಅವೆರಡೂ ಸೇರಿಕೊಂಡವು. ಆ ಹೊತ್ತಿನ ದಾಖಲೆಯನ್ನು ಮುಂದೆ ಪರದೆಯ ಮೇಲೆ ಸದ್ದಿನ ಚಿತ್ರವಾಗಿ ತೆರೆದಾಗ ಕಂಡದ್ದು ತಳದಿಂದ ತುದಿಯವರೆಗೆ ದೋಣಿಯ ಸದ್ದಿನ ದಟ್ಟ ಕಲೆ ಮಾತ್ರ. ‘ಕೇಳಿಸಲಿಲ್ಲ’ ಎಂಬುದನ್ನು ನಾನು ‘ಇರಲಿಲ್ಲ’ ಎಂದು ಬರೆದಿದ್ದೆ. ತಿದ್ದಿದ ವರದಿ ಹಿಡಿದು ಹೋದಾಗ ದೋಣಿಯವರು, ‘ಮಧ್ಯಾಹ್ನ ಇಲ್ಲವೆಂದು ಹೇಳಿದವರು ನೀವೇ’ ಎಂದರು. ಅವರನ್ನು ಮತ್ತೆ ಒಪ್ಪಿಸಲು ಎರಡು ವರ್ಷ ಹಿಡಿಯಿತು.

ಹಾಗಾಗಿ ನಿಮ್ಮ ಯೋಜನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಡಾಲ್ಫಿನ್ ಸುಮ್ಮನಿದ್ದರೆ ಯಾವ ಯಂತ್ರಕ್ಕೂ ಅದು ಸಿಗದು. ಕ್ಲಿಕ್ ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಹರಿಯುವುದರಿಂದ, ಅದು ಮುಖ ತಿರುಗಿಸಿದರೂ ತಪ್ಪಿಹೋಗಬಹುದು. ಸಿಕ್ಕಿತೆಂದೇ ಇಟ್ಟುಕೊಳ್ಳಿ: 20 ನಾಟ್ ವೇಗದ ದೋಣಿ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. 300 ಮೀಟರ್ ದೂರದಲ್ಲಿ ಎಚ್ಚರಿಕೆ ಮುಟ್ಟಿದರೆ ಉಳಿಯುವುದು ಅರ್ಧ ನಿಮಿಷ. ಆ ಹಾದಿಯಲ್ಲಿ ದಿನವಿಡೀ ನಿಧಾನ ಎಂಬ ಒಪ್ಪಂದ ಮಾಡಿಕೊಳ್ಳಿ, ಹೈಡ್ರೋಫೋನ್ ಆ ಒಪ್ಪಂದವನ್ನು ಕಾಯಲಿ. 2017ರಲ್ಲಿ ಕೆನಡಾದ ವ್ಯಾಂಕೂವರ್ ಬಂದರಿನವರು ಹ್ಯಾರೊ ಜಲಸಂಧಿಯಲ್ಲಿ ಹಡಗುಗಳನ್ನು 11 ನಾಟ್‌ಗೆ ಇಳಿಯುವಂತೆ ಕೇಳಿಕೊಂಡು, ನೀರಿನಡಿಯ ಸದ್ದು ಎಷ್ಟು ತಗ್ಗಿತೆಂದು ಹೈಡ್ರೋಫೋನ್‌ಗಳಿಂದಲೇ ಅಳೆದರು. ಅದು ‘ಕಿಲ್ಲರ್ ವೇಲ್’ ಎಂದೂ ಕರೆಯುವ ಓರ್ಕಾಗಳಿಗಾಗಿ, ಅವೂ ಡಾಲ್ಫಿನ್ ಕುಟುಂಬದವೇ.

ಇನ್ನು ಕಾರ್ಡಿನ ಮಾತು. 2,88,000 ಮಾದರಿಯನ್ನೇ ಇಟ್ಟು ಗಂಟೆಗೆ ಹತ್ತು ನಿಮಿಷ ಮಾತ್ರ ಮುದ್ರಿಸಿ. ದಿನಕ್ಕೆ ಅದೇ 8 ಜಿಬಿ, ಅದೇ ಒಂದು ತಿಂಗಳು. ನನಗೆ ಈ ಗುಣಾಕಾರ ಆಗ ಹೊಳೆಯಲಿಲ್ಲ. ವಾರಕ್ಕೆರಡು ದಿನವಾದರೂ ಒಬ್ಬರು ದಡದಲ್ಲಿ ಕುಳಿತು ಕಣ್ಣಾರೆ ನೋಡಲಿ. ದೋಣಿಯ ಸದ್ದು ತುಂಬಿದ ನಿಮಿಷಗಳ ಎದುರು ‘ಇಲ್ಲ’ ಎಂದು ಬರೆಯಬೇಡಿ. ನಮ್ಮ ಪಟ್ಟಿಯಲ್ಲಿ ಈಗ ಅದಕ್ಕೆ ‘ಕೇಳಲಾಗಲಿಲ್ಲ’ ಎಂಬ ಬೇರೆ ಕಾಲಂ ಇದೆ.