ಬೆಂಗಳೂರಿಂದ ಕಣ್ಣೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಬೆಂಗಳೂರು ಏರ್‌ಪೋರ್ಟ್‌ನಿಂದ ಕಣ್ಣೂರು ಏರ್‌ಪೋರ್ಟ್‌ಗೆ ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿದ್ದೀರಿ. ಜುಲೈಯಲ್ಲಿ ವಿರಾಜಪೇಟೆಗೆ ಬರಬೇಕು ಅಂತಲೂ ಬರೆದಿದ್ದೀರಿ. ನಾನು ವಿರಾಜಪೇಟೆಯವನೇ, ಎರಡನ್ನೂ ಸೇರಿಸಿಯೇ ಹೇಳುತ್ತೇನೆ.

ನೇರ ದೂರ ಸುಮಾರು 275 ಕಿ.ಮೀ. ಟಿಕೆಟ್‌ನಲ್ಲಿ ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು ಗಂಟೆ ಅಂತ ಇರುತ್ತದೆ. ಎಟಿಆರ್ ಥರದ ಸಣ್ಣ ವಿಮಾನ ಕೂಡ ಗಂಟೆಗೆ 500 ಕಿ.ಮೀ. ಹಾರುತ್ತದೆ, ಮತ್ತೆ ಇಷ್ಟೊತ್ತು ಯಾಕೆ ಅನ್ನಿಸಬಹುದು. ಆ ಲೆಕ್ಕ ಶುರುವಾಗುವುದು ವಿಮಾನ ನೆಲ ಬಿಟ್ಟಾಗ ಅಲ್ಲ, ನಿಂತ ಜಾಗದಿಂದ ಕದಲಿದಾಗ. ರನ್‌ವೇ ತನಕ ಉರುಳಬೇಕು, ಸರದಿ ಕಾಯಬೇಕು, ಮೇಲೇರಬೇಕು. ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು.

ಈಗ ಮ್ಯಾಪ್‌ನಲ್ಲಿ ಎರಡೂ ಏರ್‌ಪೋರ್ಟ್ ನಡುವೆ ಗೆರೆ ಎಳೆದು ನೋಡಿ. ನಮ್ಮ ಪೊನ್ನಂಪೇಟೆ ಕಡೆಯ ಕಾಫಿ ತೋಟಗಳ ಮೇಲೇ ಹೋಗುತ್ತದೆ! ಅಂದರೆ ನೀವು ಕೊಡಗು ದಾಟಿ ಕೇರಳದ ಮಟ್ಟನ್ನೂರಿನಲ್ಲಿ ಇಳಿದು, ಸುಮಾರು 60 ಕಿ.ಮೀ. ವಾಪಸ್ ಬರಬೇಕು. ಇರಿಟ್ಟಿ, ಕೂಟುಪುಳ, ಆಮೇಲೆ ಮಾಕುಟ್ಟ ಘಾಟಿ.

ಅಸಲಿ ಪ್ರಯಾಣ ಅಲ್ಲೇ ಇರುವುದು. ಪೂರಾ ಕಾಡು, ತಿರುವು ಜಾಸ್ತಿ, ಫೋನ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. 2018ರ ಜೂನ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಮುಚ್ಚಿಯೇ ಹೋಗಿತ್ತು. ಒಮ್ಮೆ ಮಳೆಗಾಲದಲ್ಲಿ ತಂಗಿಯನ್ನು ಏರ್‌ಪೋರ್ಟ್‌ನಿಂದ ಕರೆತರುವಾಗ ರಸ್ತೆಗೆ ಅಡ್ಡ ಮರ ಬಿದ್ದಿತ್ತು. ಹಿಂದಿನ ಜೀಪಿನವರು ಕತ್ತಿ ಹಿಡಿದು ಇಳಿದರು. ನಾನು ಕೊಂಬೆ ಎಳೆದೆ, ಕಾಲಿಗೆ ಜಿಗಣೆ ಹತ್ತಿಸಿಕೊಂಡೆ. ತಂಗಿ ಕಾರಿನೊಳಗೆ ಕೂತು ವಾಚ್ ನೋಡುತ್ತಿದ್ದಳು. ವಿಮಾನಕ್ಕೆ ಒಂದು ಗಂಟೆ, ಮರಕ್ಕೆ ಒಂದೂವರೆ ಗಂಟೆ.

ಮರ ಬೀಳದಿದ್ದರೂ ಲೆಕ್ಕ ಹಾಕಿ. ಮನೆಯಿಂದ ದೇವನಹಳ್ಳಿಗೆ ಒಂದೂವರೆ ಗಂಟೆ, ಅಲ್ಲಿ ಕಾಯುವುದು ಎರಡು, ವಿಮಾನ ಒಂದು, ಬ್ಯಾಗ್ ಸಿಗಲು ಅರ್ಧ, ಘಾಟಿ ಹತ್ತಿ ಬರಲು ಎರಡು. ಏಳು ಗಂಟೆ ಆಯ್ತಲ್ವಾ? ಮೈಸೂರು, ಹುಣಸೂರು ಮೇಲೆ ಕಾರಲ್ಲಿ ಬಂದರೆ ಐದಾರು ಗಂಟೆ, ನಡುವೆ ದೋಸೆಯೂ ಆಗುತ್ತದೆ.

ಹಾಗಂತ ಕಣ್ಣೂರು ಏರ್‌ಪೋರ್ಟ್ ನಮಗೆ ಕೆಲಸಕ್ಕೆ ಬರುವುದಿಲ್ಲ ಅಂತಲ್ಲ. 2018ರ ಡಿಸೆಂಬರ್‌ನಲ್ಲಿ ಶುರುವಾದ ಮೇಲೆ ದುಬೈ, ಅಬುಧಾಬಿಯಿಂದ ಊರಿಗೆ ಬರುವವರಿಗೆ ಎಷ್ಟೋ ಸಲೀಸಾಗಿದೆ. ಬೆಂಗಳೂರಿನಿಂದ ಬರುವವರಿಗೆ ಮಾತ್ರ ಅದು ಸುಮ್ನೆ ಸುತ್ತು. ಅದೂ ಕುಶಾಲನಗರ, ಸೋಮವಾರಪೇಟೆ ಕಡೆಯವರಾದರೆ ಯೋಚನೆಯೇ ಬೇಡ.

ವಿಮಾನದಲ್ಲೇ ಬರುತ್ತೀರಾದರೆ ಬೆಳಗಿನದನ್ನು ಹಿಡಿಯಿರಿ, ಕತ್ತಲಾಗುವ ಮೊದಲು ಮಾಕುಟ್ಟ ದಾಟಬಹುದು. ಆನೆ ರಸ್ತೆಗೆ ಇಳಿದರೆ ಹಾರ್ನ್ ಮಾಡಬೇಡಿ ಅಂತ ಡ್ರೈವರ್‌ಗೆ ಹೇಳಿ.